ಭಾಂಡೆ ಸಬಕಾರ ದಪ್ಪ ಮಾಡಿದ್ದು

ಅಡಗಿ ಕೆಟ್ರ ನಾಯಿಗರ ಹಾಕಬಹುದು, ಸಬಕಾರ ಕೆಟ್ರ ಯಾರಿಗೆ ಹಾಕೂದ್ರಿ? ಗದಗ ಜಿಲ್ಲಾ ಆದ ಹೊಸತಾಗ ಮುಂಡರಗಿಯೊಳಗ ನಾವು ಐದು ಮಂದಿ ಹೆಣ್ಣಮಕ್ಕಳು ಸಂಘ ಕಟ್ಟಿ, ಭಾಂಡೆ ತಿಕ್ಕೂ ಸಬಕಾರದ ನೀರು ಮಾಡಾಕ ನಿಂತ್ವಿ. ಅವತ್ತಿಂದ ಒಂದಿಲ್ಲೊಂದು ಪಜೀತಿ ತಪ್ಪಿಲ್ಲ.

ಗಂಟು

ಮೊದಲನೇ ಸಲ ಮಾಡಿದ್ದು ತೆಳ್ಳಗಾತು. ಜಿಡ್ಡು ಚಲೋ ಹೋಗತಿತ್ತು, ಆದ್ರ ಮಂದಿ ಬಾಟ್ಲಿ ಓರೆ ಮಾಡಿ ನೋಡಿ ಅಲ್ಲೇ ಇಟ್ಟು ಹೋಗತಿದ್ರು. ಗದಗಿನ್ಯಾಗ ನಮಗ ಸಬಕಾರ ಮಾಡೂದು ಕಲಿಸಿದ ಮೇಡಮ್ಮು, "ಚವಳಿಕಾಯಿ ಬೀಜದ ಹಿಟ್ಟು ಹಾಕ್ರಿ, ಅಂಟು ಬಂದು ದಪ್ಪ ಆಗತೈತಿ" ಅಂದ್ರು. ನಮ್ಮ ಸಂಘದ ಅಧ್ಯಕ್ಷರಿಗೆ ಮೊದಲ ಅವಸರ. ಸಬಕಾರದಾಗ ಸೀದಾ ಹಿಟ್ಟು ಸುರುವೇ ಬಿಟ್ರು. ಹಿಟ್ಟು ನೆನೀಲಿಲ್ಲ, ಬರೇ ಗಂಟಾತು. ಹಂಗ ತುಂಬಿ ಮಾರಿದ್ವಿ.

ಮರುದಿನ ಮಗ್ಗಲ ಮನಿ ಅತ್ತಿಯವರು ಬಾಟ್ಲಿ ಹಿಡ್ಕೊಂಡು ಬಂದ್ರು. "ಇದರಲೆ ಭಾಂಡೆ ತಿಕ್ಕೂದೋ, ಇದಕ್ಕ ಒಗ್ಗರಣಿ ಕೊಡೂದೋ? ಅದಷ್ಟು ಹೇಳ್ರಿ."

ಉಪ್ಪು

ಹಿಟ್ಟು ಮೊದಲ ನೀರಾಗ ನೆನೀಬೇಕು, ಸಬಕಾರ ಆಮ್ಯಾಲೆ ಅಂತ ಆಗ ತಿಳೀತು. ಕಡೀಕ ಚೂರು ಉಪ್ಪು ಬಿದ್ರ ಇನ್ನೂ ದಪ್ಪ. ಉಪ್ಪು ಹೆಚ್ಚಾತಂದ್ರ ಮತ್ತ ನೀರ! ಸಂಘದಾಗ ಲಗ್ನದ ಅಡಗಿ ಮಾಡೂ ಹಿರೇರೊಬ್ಬರಿದ್ರು, ನಾವೆಲ್ಲಾ ಖಾಲಾ, ಅಂದ್ರ ಚಿಗವ್ವ, ಅಂತಿದ್ವಿ. ಸಾವಿರ ಮಂದಿ ಸಾರಿಗೆ ಉಪ್ಪು ಹಾಕಿದ ಕೈ ಅಂತ ಉಪ್ಪಿನ ಡಬ್ಬಿ ಅವರಿಗೇ ಕೊಟ್ವಿ. ಉಪ್ಪು ಹಾಕಿದ್ರು, ಸೌಟಿನಿಂದ ತಿರುವಿದ್ರು. ರೂಢಿ ಬಿಡಬೇಕಲ್ಲ, ಅಂಗೈಮ್ಯಾಲೆ ಒಂದು ಹನಿ ಹಾಕ್ಕೊಂಡು ನೆಕ್ಕೇ ಬಿಟ್ರು. ನಾನು ನೀರಿನ ತಂಬಿಗಿ ತರಾಕ ಓಡಿದೆ.

ಖಾಲಾ ಬುರುಗು ಉಗುಳಿ, ಬಾಯಿ ಮುಕ್ಕಳಿಸಿ ಹೇಳಿದ್ರು: "ಉಪ್ಪು ಸರಿ ಐತಿ. ಖಾರ ಬೇಕಿತ್ತು."

ಹಾಸ್ಟೆಲ್ಲು

ಗದಗಿನ ಒಂದು ಹುಡುಗ್ಯಾರ ಹಾಸ್ಟೆಲ್ಲಿನ ಮೇಡಮ್ಮು, "ತಂದು ತೋರಸ್ರಿ, ಪಸಂದ ಬಂದ್ರ ವರ್ಷಪೂರ್ತಿ ನಿಮ್ಮದ ತಗೋತೇವಿ" ಅಂದಿದ್ರು. ಅದೊಂದು ಸಿಕ್ರ ಐದೂ ಮಂದಿ ಬಿಸಲಾಗ ಮೆಣಸಿನಕಾಯಿ ಹೊಲದ ಕಸ ತಗಿಯೂದು ತಪ್ಪತಿತ್ತು.

ಹಿಂದಿನ ದಿನ ಮಾಡಿ ಕ್ಯಾನಿಗೆ ತುಂಬಿದ್ವಿ. ತುಂಬುವಾಗ ಚಲೋನ ಇತ್ತು. ಮುಂಜಾನೆ ಬಸ್ಸು ಹತ್ತಿ ಹೋದ್ವಿ. ಮೇಡಮ್ಮು ಭೋಗೋಣಿ ಹಿಡಿದ್ರು, ಅಧ್ಯಕ್ಷರು ಕ್ಯಾನು ಬಗ್ಗಿಸಿದ್ರು. ಬೀಳಲಿಲ್ಲ. ತಲಿಕೆಳಗ ಮಾಡಿದ್ರು, ಆದ್ರೂ ಬೀಳಲಿಲ್ಲ. ನನಗ ನೆಲಾ ಬಾಯಿ ಬಿಡಬಾರದೇನು ಅನ್ನಿಸ್ತು. ಅಧ್ಯಕ್ಷರ ಮಾರಿ ಮಾತ್ರ ಬಾಡಲಿಲ್ಲ. "ನೋಡ್ರಿ ಮೇಡಮ್, ಕ್ಯಾನು ಉರುಳಿ ಬಿದ್ರೂ ಒಂದು ಹನಿ ಹಾಳಾಗಂಗಿಲ್ಲ" ಅಂದ್ರು.

ಹಾಸ್ಟೆಲ್ಲಿನ ಅಡಗಿಯಾಕಿ ಚಮಚದಾಗ ತೋಡಿ, ಒಂದು ಬುಟ್ಟಿ ಗಂಗಾಳ ತಿಕ್ಕಿ ನೋಡಿದ್ಲು. "ಇದ ಇರ್ಲಿ ಮೇಡಮ್. ನೀರಿನಂಥಾದ್ದು ತಂದ್ರ ಹುಡುಗ್ಯಾರು ಎರಡ ದಿನದಾಗ ಸುರುವಿ ಖಾಲಿ ಮಾಡತಾರ" ಅಂದ್ಲು.

"ಆತು" ಅಂದ್ರು ಮೇಡಮ್ಮು. "ಆದ್ರ ಪ್ರತಿ ತಿಂಗಳಾ ಇಷ್ಟ ದಪ್ಪ ಇರಬೇಕು."

ಬಸ್ಸಿನಾಗ ಕುಂತ ಮ್ಯಾಲೆ ಅಧ್ಯಕ್ಷರು ಕೇಳಿದ್ರು, "ಖರೆ ಹೇಳ್ರಿ, ನೆನಿಯಾಕ ಇಟ್ಟ ಹಿಟ್ಟಿಗೆ ಹೆಚ್ಚಿಗಿ ಯಾರು ಹಾಕಿದ್ರಿ?"

ತೆಳ್ಳಗಾದೀತಂತ ಹೆದರಿ, ಯಾರೂ ನೋಡದಂಗ ನಾನೊಂದು ಮುಷ್ಟಿ ಹಾಕಿದ್ದೆ. ಒಪ್ಪಿಕೊಂಡೆ. ಖಾಲಾನೂ ಒಂದು ಮುಷ್ಟಿ ಅಂದ್ರು. ಉಳಿದಿಬ್ಬರದೂ ಒಂದೊಂದು. ಅಧ್ಯಕ್ಷರು ಕಿಡಕಿ ಕಡೆ ಮಾರಿ ತಿರುವಿ, "ನಂದೂ ಒಂದೈತಿ" ಅಂದ್ರು.

"ಹಂಗಾದ್ರ ಐದು ಮುಷ್ಟಿ ಹೆಚ್ಚಿಗಿ ಅಂತ ಅಳತಿ ಬರಕೊಳ್ಳೋಣ್ರಿ" ಅಂದೆ ನಾನು.

"ಸುಮ್ಮನಿರವಾ" ಅಂದ್ರು ಅಧ್ಯಕ್ಷರು. "ಅಳತಿ ಹಿಡಿದು ಮಾಡಿದ್ದು ನಮ್ಮದು ಎಂದಾರ ಸರಿ ಆಗೇತೇನು? ತಿಂಗಳಾ ಐದೂ ಮಂದಿ ಹಿಂಗ ಕದ್ದ ಹಾಕ್ರಿ."