ಮನೆಗೆ ಬನ್ನಿ ಎಂದವರ ಮನೆಗೆ ಹೋದದ್ದು

ಹೆಂಡತಿಯನ್ನು ಅವಳ ದೇಶದಿಂದ ನಮ್ಮ ದೇಶಕ್ಕೆ ಕರೆತರುವ ಗಂಡಸಿಗೆ ಒಂದು ಭ್ರಮೆ ಇರುತ್ತದೆ: ಕಷ್ಟವೇನಿದ್ದರೂ ಅವಳಿಗೆ, ತನಗೇನು, ತನ್ನೂರು. ನನಗೂ ಇತ್ತು. ಅಪ್ಪ ಕೇಂದ್ರ ಸರ್ಕಾರದ ಗುಮಾಸ್ತರಾಗಿದ್ದರಿಂದ ನಾನು ಬೆಳೆದದ್ದು ದೆಹಲಿಯಲ್ಲೇ. ಆಮೇಲೆ ಜರ್ಮನಿ ಸೇರಿ, ಉರ್ಸುಲಾಳನ್ನು ಮದುವೆಯಾಗಿ, ಮಗಳು ಮೀರಾ ಶಾಲೆಗೆ ಹೋಗುವ ಹೊತ್ತಿಗೆ ಊರಿನ ಹುಚ್ಚು ಹತ್ತಿತು. ಉರ್ಸುಲಾ ಷರತ್ತು ಹಾಕಿದಳು: ಒಂದು ವರ್ಷ ನೋಡೋಣ, ಒಗ್ಗದವರು ವಾಪಸ್ ಹೋಗಬಹುದು, ಯಾರೂ ತಡೆಯಬಾರದು. ದೆಹಲಿಯ ರೋಹಿಣಿ ಬಡಾವಣೆಯಲ್ಲಿ ಮನೆ ಹಿಡಿದ ದಿನದಿಂದ, ಇವಳು ಯಾವತ್ತು ಮಗಳನ್ನು ಕರೆದುಕೊಂಡು ಹೊರಟುಬಿಡುತ್ತಾಳೋ ಎಂಬುದೇ ನನ್ನ ಚಿಂತೆ.

ಧೂಳು, ಹಾರ್ನು, ನಾಳೆ ಬರ್ತೀನಿ ಎಂದು ಮಾಯವಾಗುವ ಪ್ಲಂಬರ್ ಭಯ್ಯಾ, ಎಲ್ಲದರ ಬಗ್ಗೆಯೂ ಮೊದಲೇ ಎಚ್ಚರಿಸಿದ್ದೆ. ಎಚ್ಚರಿಸಲು ಮರೆತದ್ದು ನಮ್ಮ ಬಾಯುಪಚಾರದ ಬಗ್ಗೆ. ಕೆಳಗಿನ ಮನೆಯ ಪಂಜಾಬಿ ಆಂಟಿ ಲಿಫ್ಟಿನಲ್ಲಿ ಸಿಕ್ಕಿ, ಎಲ್ಲರೂ ಎಲ್ಲರಿಗೂ ಹೇಳುವಂತೆ, “ಕಭೀ ಘರ್ ಆಓ ನಾ”, ಯಾವಾಗಲಾದ್ರೂ ಮನೆಗೆ ಬನ್ನಿ, ಎಂದರು. ಇವಳು ಮೊಬೈಲ್ ತೆಗೆದು, ಯಾವತ್ತು, ಎಷ್ಟು ಗಂಟೆಗೆ ಎಂದು ಕೇಳಿಯೇಬಿಟ್ಟಳು. ಆಂಟಿ ನನ್ನ ಮುಖ ನೋಡಿದರು. ನಾನು ಲಿಫ್ಟಿನ ಫ್ಯಾನು ನೋಡಿದೆ. ಭಾನುವಾರ ನಾಲ್ಕಕ್ಕೆ ಎಂದು ತೀರ್ಮಾನವಾಯಿತು. ನಮ್ಮಪ್ಪ ನೌಕರಿ ಮುಗಿಯುವವರೆಗೂ ಪಕ್ಕದ ಮನೆಯವರನ್ನು ಊಟಕ್ಕೆ ಕರೆದರು. ಅವರೂ ಮರ್ಯಾದಸ್ಥರು, ಒಮ್ಮೆಯೂ ಬರಲಿಲ್ಲ. ಭಾನುವಾರ ಆಂಟಿಯ ಮನೆಗೆ ಇಳಿಯುವಾಗ ಇದನ್ನು ಮೆಟ್ಟಿಲ ಮೇಲೆ ನಿಂತು ವಿವರಿಸಿದೆ. ಬರುವುದು ಬೇಡವಾದರೆ ಕರೆದದ್ದೇಕೆ ಎಂದಳು ಪುಣ್ಯಾತ್ಗಿತ್ತಿ, ಬೆಲ್ ಒತ್ತಿದಳು.

ಆಂಟಿ ತಲೆತುಂಬ ಮೆಹಂದಿ ಮೆತ್ತಿಕೊಂಡು ಬಾಗಿಲು ತೆರೆದರು. ಬನಿಯನ್ನಿನಲ್ಲಿದ್ದ ಅಂಕಲ್ ಒಳಗೆ ಓಡಿದರು. ನನಗಂತೂ ನೆಲ ಬಾಯಿಬಿಡಬಾರದೇ ಎನಿಸಿತು. ಆದರೆ ಆಂಟಿ ಸಾವರಿಸಿಕೊಂಡು ಪಕೋಡ ಕರಿದರು, ಹೊರಡುವಾಗ ಇವಳ ಕೈ ಹಿಡಿದು, ಇಷ್ಟು ವರ್ಷದಲ್ಲಿ ಕರೆದದ್ದಕ್ಕೆ ಬಂದವಳು ನೀನೊಬ್ಬಳೇ ಎಂದು ಕಣ್ಣೊರೆಸಿಕೊಂಡರು. ಮರುದಿನದಿಂದ ಅವರು ನಮ್ಮ ಮನೆಯಲ್ಲೇ.

ಅಲ್ಲಿಗೆ ನಿಲ್ಲಲಿಲ್ಲ. ಕನ್ನಡದವರ ಗಣೇಶನ ಪೂಜೆಯಲ್ಲಿ “ಯಾವಾಗಲಾದ್ರೂ ಬನ್ನಿ” ಎಂದವರೆಲ್ಲ ಸಿಕ್ಕಿಬಿದ್ದರು. ಹೋದಮೇಲೆ ಅವರನ್ನೂ ಕರೆಯಬೇಕಲ್ಲ. ಕೊಡಗಿನ ನಿವೃತ್ತ ಕರ್ನಲ್ ತಿಂಡಿಗೆ ಬನ್ನಿ ಎಂದರೆ ಬೆಳಗಾಗುವ ಮೊದಲೇ ಹಾಜರ್. ಮೀರಾ ಬಂದವರಿಗೆಲ್ಲ “ಅಂಕಲ್, ಬೈಠಿಯೇ, ಕಾಫಿ ಕುಡೀತೀರಾ?” ಎನ್ನುತ್ತಾಳೆ. ಕುರ್ಚಿ ಹೊರುವವನು ನಾನು. ಹಾಲು ತರುವವನು ನಾನು. ನನ್ನೂರಿಗೆ ಬಂದು ನನ್ನ ಭಾನುವಾರದ ನಿದ್ದೆಗೆ ಎಳ್ಳುನೀರು ಬಿಟ್ಟೆ. ಜರ್ಮನಿಯಲ್ಲಿ ಭಾನುವಾರ ಪಕ್ಕದ ಮನೆಯವರು ಬದುಕಿದ್ದಾರೋ ಇಲ್ಲವೋ ಎಂಬುದೂ ಗೊತ್ತಾಗುತ್ತಿರಲಿಲ್ಲ, ಆಹಾ, ಎಂಥ ಸುಖ.

ವರ್ಷ ಮುಗಿದ ದಿನ ಧೈರ್ಯ ಮಾಡಿ ಅಡಿಗೆಮನೆಗೆ ಹೋದೆ. ಉರ್ಸುಲಾ, ನಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದ ಆಂಟಿಯ ಕಿಟ್ಟಿ ಪಾರ್ಟಿಗೆ ದೋಸೆಹಿಟ್ಟು ರುಬ್ಬುತ್ತಿದ್ದಳು. ನನಗೇಕೋ ಈ ಊರು ಒಗ್ಗುತ್ತಿಲ್ಲ ಎಂದು ಮೆಲ್ಲಗೆ ಷರತ್ತು ನೆನಪಿಸಿದೆ. ಅವಳು ಮಿಕ್ಸಿ ನಿಲ್ಲಿಸಿದಳು. ಕನ್ನಡವನ್ನು ನನ್ನ ಅಮ್ಮನಿಂದ ಫೋನಿನಲ್ಲಿ ಕಲಿತವಳು. ನನ್ನನ್ನು ಕರೆಯುವುದೂ ಅಮ್ಮ ಅಪ್ಪನನ್ನು ಕರೆಯುತ್ತಿದ್ದ ಹಾಗೆಯೇ.

“ಷರತ್ತು ಷರತ್ತೇ ರೀ. ನಾನು ತಡೆಯಲ್ಲ, ಹೋಗಿ. ನಾನೂ ಮೀರಾನೂ ಇಲ್ಲೇ ಇರ್ತೀವಿ” ಎಂದಳು. ಆಮೇಲೆ ತುಂಬ ವಿಶ್ವಾಸದಿಂದ, “ಯಾವಾಗಲಾದ್ರೂ ಮನೆಗೆ ಬನ್ನಿ” ಎಂದಳು.

ಯಾವತ್ತು, ಎಷ್ಟು ಗಂಟೆಗೆ ಎಂದು ಹೇಳಲಿಲ್ಲ. ಮಿಕ್ಸಿ ಮತ್ತೆ ಶುರುವಾಯಿತು. ನಾನು ಕುರ್ಚಿ ತರಲು ಕೆಳಗಿಳಿದೆ.