ದೆವ್ವ ಬರುತ್ತೆ, ಜನ ಬರಲ್ಲ

ಯಾರನ್ನಾದರೂ ಕರೆಯುವ ಕೆಲಸ ಎಲ್ಲಿದ್ದರೂ ಅದು ಸುತ್ತಿ ಬಳಸಿ ನನ್ನ ತಲೆಗೇ ಬಂದು ಕಟ್ಟಿಕೊಳ್ಳುತ್ತದೆ. ಕರೆದವನ ಗತಿ ಏನಾಯಿತು ಅಂತ ಆಮೇಲೆ ಒಬ್ಬರೂ ಕೇಳುವುದಿಲ್ಲ. ಆಫೀಸಿನಲ್ಲಿದ್ದಾಗ ಮೀಟಿಂಗಿಗೆ ಎಲ್ಲರನ್ನೂ ಕುರ್ಚಿಯಿಂದ ಎಬ್ಬಿಸಿ ತರುತ್ತಿದ್ದವನು ನಾನು. ಸ್ವಯಂನಿವೃತ್ತಿ ತೆಗೆದುಕೊಂಡು ಕುಮಾರಸ್ವಾಮಿ ಲೇಔಟಿನ ಮನೆಯಲ್ಲಿ ಕಾಲು ಚಾಚಿ ಕೂತರೆ ಅಲ್ಲೂ ಅದೇ ಪಾಡು. ಈಗ ಕರೆಯುತ್ತಿರುವುದು ಕಂಪ್ಯೂಟರಿನಲ್ಲಿ, ಒಂದು ಆನ್‌ಲೈನ್ ಆಟದೊಳಗೆ. ಕೋಟೆ, ಗವಿ, ರಾಕ್ಷಸರು ಇರುವ ಮಾಯಾಲೋಕದ ಆಟ. ಅದರಲ್ಲಿ ಒಬ್ಬರು ಗುರಾಣಿ ಹಿಡಿಯುತ್ತಾರೆ, ಒಬ್ಬರು ಬಾಣ ಬಿಡುತ್ತಾರೆ, ಒಬ್ಬರು ಗಾಯ ವಾಸಿ ಮಾಡುತ್ತಾರೆ. ನಾನು ದೆವ್ವ ಕರೆಯುವ ಮಾಂತ್ರಿಕ.

1. ಬಾಯಿ ತೆರೆದವನ ಒಪ್ಪಿಗೆ

ಇದನ್ನು ನಾನಾಗಿ ಆರಿಸಿಕೊಂಡೆ ಅಂತ ಯಾರೂ ತಿಳಿಯಬಾರದು. ಜೆ.ಪಿ. ನಗರದಲ್ಲಿರುವ ನಮ್ಮ ಹಲ್ಲಿನ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೈ ಹಗುರ, ಮಾತು ಜಾಸ್ತಿ. ನನ್ನ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡುತ್ತಾ ಕೇಳಿದರು.

"ಅಂಕಲ್, ಈಗ ಮನೇಲೇ ಇರ್ತೀರಲ್ವಾ? ಟೈಮ್ ಪಾಸ್ ಹೇಗೆ?"

ಬಾಯಲ್ಲಿ ಹತ್ತಿ, ಒಂದು ಕೊಳವೆ, ಜೊತೆಗೆ ಅವರ ಬೆರಳು. ನಾನು "ಆಆ" ಅಂದೆ.

"ನಾವೊಂದು ಟೀಮ್ ಕಟ್ಟಿದೀವಿ ಅಂಕಲ್. ಆನ್‌ಲೈನ್ ಆಟ. ಎಲ್ಲಾ ನಮ್ ಕಡೆಯವ್ರೇ. ದೆವ್ವ ಕರೆಯೋ ಮಾಂತ್ರಿಕ ಒಬ್ರು ಬೇಕಿತ್ತು, ಯಾರೂ ಒಪ್ತಿಲ್ಲ. ನೀವಾಗ್ತೀರಾ?"

"ಆಆ, ಆಆ!" ಅಂದೆ. ಬೇಡ ತಾಯಿ, ಸತ್ಯನಾರಾಯಣ ಪೂಜೆ ಮಾಡುವ ಮನೆ ನಮ್ಮದು ಅಂತ ಅದರ ಅರ್ಥ.

"ಸೂಪರ್ ಅಂಕಲ್! ಬಾಯಿ ಇನ್ನೂ ಅಗಲ ಮಾಡಿ."

ಹಲ್ಲಿಗೆ ಕ್ಯಾಪ್ ಕೂರುವ ಹೊತ್ತಿಗೆ ನನ್ನ ಫೋನಿಗೆ ಆಟದ ಲಿಂಕ್ ಬಂದಾಗಿತ್ತು. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. ನೋವು ಹೇಗಿದೆ ಅಂತ ವಿಚಾರಿಸುತ್ತಾರೆ ಅಂದುಕೊಂಡೆ. "ದೆವ್ವ ಬಂತಾ ಅಂಕಲ್?" ಅಂತ ಕೇಳಿದರು.

2. ಹೊರಟೆ ಅಂದರೆ

ದೆವ್ವದ ಬಗ್ಗೆ ನನ್ನದೇನೂ ದೂರಿಲ್ಲ. ಒಂದು ಗುಂಡಿ ಒತ್ತಿದರೆ ನೆಲದ ಮೇಲೆ ಬೆಂಕಿಯ ಬಳೆ ಹೊತ್ತಿಕೊಂಡು, ಮೊಣಕಾಲೆತ್ತರದ ಮರಿದೆವ್ವ ಹಾಜರ್. ಎದುರು ಮಾತಿಲ್ಲ. ನಿಲ್ಲು ಅಂದ ಕಡೆ ನಿಲ್ಲುತ್ತದೆ, ತೋರಿಸಿದವರ ಮೇಲೆ ಬೆಂಕಿ ಉಗುಳುತ್ತದೆ. ನನ್ನ ಗೋಳು ಇರುವುದು ಮನುಷ್ಯರನ್ನು ಕರೆಯುವುದರಲ್ಲಿ.

ಈ ಮಾಂತ್ರಿಕನಿಗೆ ಇನ್ನೊಂದು ವಿದ್ಯೆಯಿದೆ. ಆಟದ ಲೋಕದಲ್ಲಿ ಎಲ್ಲೋ ದೂರ ಇರುವ ತಂಡದವರನ್ನು ತಾನಿದ್ದ ಕಡೆಗೆ ಕ್ಷಣದಲ್ಲಿ ಕರೆಸಿಕೊಳ್ಳಬಹುದು. ಆದರೆ ಅವನ ಪಕ್ಕ ಇನ್ನಿಬ್ಬರು ಮೊದಲೇ ಬಂದು ನಿಂತಿರಬೇಕು. ಇಷ್ಟು ಗೊತ್ತಾದ ದಿನದಿಂದ ನಮ್ಮ ತಂಡದವರು ನಡೆಯುವುದನ್ನೇ ಬಿಟ್ಟರು. ಇನ್ನಿಬ್ಬರು ನಡೆದು ಹೋಗಲಿ, ತನ್ನನ್ನು ಅಂಕಲ್ ಕರೆಸಿಕೊಳ್ಳುತ್ತಾರೆ ಅಂತ ಪ್ರತಿಯೊಬ್ಬರ ಲೆಕ್ಕಾಚಾರ.

ತಂಡ ಅಂದರೆ ದೊಡ್ಡದೇನಲ್ಲ. ಗುರಾಣಿ ಹಿಡಿಯುವ ಡಾಕ್ಟರೇ ಕ್ಯಾಪ್ಟನ್. ಬಿ.ಟಿ.ಎಂ. ಲೇಔಟಿನ ಪಿ.ಜಿ.ಯಲ್ಲಿರುವ ಒಬ್ಬಳು ಹುಡುಗಿ ಗಾಯ ವಾಸಿ ಮಾಡುವವಳು. ಬಾಣ ಬಿಡುವವರು ಹೊಸಕೆರೆಹಳ್ಳಿಯವರು. ಅವರ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರದು ಬಾಡಿಗೆ ಬಿಲ್ಡಿಂಗುಗಳ ಸಾಲು. ನಾವೆಲ್ಲ ಅವರನ್ನು ಓನರ್ ಅಂತಲೇ ಕರೆಯುವುದು.

ಒಂದು ಭಾನುವಾರ ಮಧ್ಯಾಹ್ನ ನಾನು ಊಟ ಮುಗಿಸಿ, ಕಾಡು ಹೊಳೆ ದಾಟಿ, ಗವಿಯ ಬಾಗಿಲಿಗೆ ಹೋಗಿ ನಿಂತೆ. ಮೈಕಿನಲ್ಲಿ ಕೇಳಿದೆ, "ಎಲ್ಲಿದೀರಪ್ಪಾ ಎಲ್ರೂ?"

"ಹೊರಟೆ ಅಂಕಲ್, ಆನ್ ದ ವೇ," ಅಂದರು ಡಾಕ್ಟರು.

"ಇನ್ನೇನ್ ಬಂದ್ಬಿಟ್ಟೆ ಅಂಕಲ್," ಅಂದಳು ಹುಡುಗಿ.

"ಅರ್ಧ ದಾರೀಲಿದೀನಿ," ಅಂದರು ಓನರ್.

ಕಾದೆ. ಕಾಫಿ ಕುಡಿದು ಬಂದು ಮತ್ತೆ ಕಾದೆ. ಕೊನೆಗೆ ನಕ್ಷೆ ತೆಗೆದು ನೋಡಿದರೆ ಮೂವರೂ ರಾಜಧಾನಿಯ ಒಂದೇ ಛತ್ರದ ಮುಂದೆ ಸಾಲಾಗಿ ನಿಂತಿದ್ದಾರೆ. ಪಕ್ಕಪಕ್ಕದಲ್ಲೇ ನಿಂತುಕೊಂಡು ಹೊರಟೆ ಹೊರಟೆ ಅಂತ ಒಬ್ಬರಿಗೊಬ್ಬರು ಸುಳ್ಳು ಹೇಳುತ್ತಿದ್ದಾರೆ.

"ನಕ್ಷೇಲಿ ಕಾಣಿಸ್ತಿದೆ ಕಣ್ರಪ್ಪಾ. ಒಂದು ಹೆಜ್ಜೆ ಇಟ್ಟಿಲ್ಲ ನೀವು!" ಅಂತ ರೇಗಿದೆ.

ಓನರ್ ಹೇಳಿದರು, "ಟ್ರಾಫಿಕ್ಕು ಅಂಕಲ್."

3. ಕರೆದ ಹಾಗೆ ಕರೆಯಬೇಕು

ಅಂತೂ ಇಂತೂ ಡಾಕ್ಟರನ್ನೂ ಹುಡುಗಿಯನ್ನೂ ಬೈದು ಗವಿಯ ಬಾಗಿಲವರೆಗೆ ನಡೆಸಿದೆ. ಈಗ ಓನರನ್ನು ಕರೆಸಿಕೊಳ್ಳಲು ಅಡ್ಡಿಯಿಲ್ಲ. ಮಂತ್ರ ಹಾಕಿದೆ. ಕರೆಸಿಕೊಳ್ಳುವವರ ಪರದೆಯ ಮೇಲೆ 'ಮಾಂತ್ರಿಕ ಕರೆಯುತ್ತಿದ್ದಾನೆ, ಬರುತ್ತೀರಾ?' ಅಂತ ಒಂದು ಚೌಕ ಮೂಡುತ್ತದೆ. ಹೌದು ಒತ್ತಿದರೆ ಬಂದುಬಿಡುತ್ತಾರೆ. ಓನರ್ ಇಲ್ಲ ಒತ್ತಿದರು. ಕೈತಪ್ಪಿರಬೇಕು ಅಂತ ಮತ್ತೆ ಕರೆದೆ. ಮತ್ತೆ ಇಲ್ಲ.

"ಬೇಜಾರಾಗಿದಾರೆ ಅನ್ಸುತ್ತೆ. ಫೋನ್ ಮಾಡಿ ಮಾತಾಡಿ ಅಂಕಲ್," ಅಂದರು ಡಾಕ್ಟರು.

ಮಾಡಿದೆ. ಓನರ್ ಸಿಡುಕಿದರು. "ಅಲ್ಲಾ ಅಂಕಲ್, ಬಾಕ್ಸ್ ಕಳಿಸ್ಬಿಟ್ರೆ ಓಡ್ಬಂದ್ಬಿಡ್ಬೇಕಾ? ನಮ್ಮನೇಲಿ ಒಂದು ನಾಮಕರಣ ಆದ್ರೂ ನಾವು ಮನೆಮನೆಗೆ ಹೋಗಿ ಬಾಯ್ತುಂಬ ಕರೀತೀವಿ. ಹಿಂಗ್ ಕರೆದ್ರೆ ನಮ್ ಮರ್ಯಾದೆ ಏನಾಯ್ತು?"

ದೆವ್ವ ನನ್ನ ಕಾಲ ಬಳಿ ಕೂತು ಕಾಯುತ್ತಿತ್ತು. ಅದಕ್ಕಿರುವ ವಿವೇಕ ಈ ಮನುಷ್ಯನಿಗಿಲ್ಲವಲ್ಲ ಅಂತ ಹಲ್ಲು ಕಚ್ಚಿಕೊಂಡೆ. ಆದರೂ ಬೇಕಾದವನು ನಾನು. ದನಿ ಬದಲಾಯಿಸಿ, ಮದುವೆ ಕರೆಯೋಲೆ ಓದುವ ಹಾಗೆ ಹೇಳಿದೆ. "ತಾವು ಕುಟುಂಬ ಸಮೇತರಾಗಿ ಗವಿಗೆ ದಯಮಾಡಿಸಿ, ರಾಕ್ಷಸ ಸಂಹಾರ ನಡೆಸಿಕೊಡಬೇಕು."

"ಹಾಂ, ಇದು ಕರೆಯೋ ರೀತಿ," ಅಂತ ಖುಷಿಯಾದರು. ಕರೆದೆ, ಬಂದರು. ಬಂದು ಉಸಿರೂ ಬಿಡದೆ ಹೇಳಿದರು, "ಕುಟುಂಬ ಸಮೇತ ಅಂದ್ರಲ್ಲ, ನಮ್ ಬಾಮೈದ ಅಲ್ಲೇ ಛತ್ರದ ಹತ್ರ ನಿಂತವ್ನೆ. ಅವನ್ನೂ ಕರೀರಿ."

4. ಹೊರಗೆ ನಿಂತವನು

ಆ ಗವಿಯೊಳಗೆ ನಾಲ್ಕು ಜನಕ್ಕೆ ಮಾತ್ರ ಜಾಗ. ಒಳಗಿರುವ ರಾಕ್ಷಸನ ಕೈಲಿ ನಮ್ಮ ತಂಡ ತಿಂಗಳುಗಟ್ಟಲೆ ಹೊಡೆಸಿಕೊಂಡಿದೆ. ಅವನು ನೆಲಕ್ಕೆ ಬೀಳುವುದನ್ನು ಕಣ್ಣಾರೆ ನೋಡಬೇಕು ಅನ್ನುವುದೊಂದೇ ನನ್ನಾಸೆ. ವಯಸ್ಸಿಗೆ ತಕ್ಕ ಆಸೆಯಲ್ಲ, ಗೊತ್ತು. ಆದರೂ ಬಿಡದು.

ಬಾಮೈದ ಬಂದ. ಕೈಯಲ್ಲಿ ಆಳೆತ್ತರದ ಕತ್ತಿ. ಅವನದೊಂದು ಏಟಿಗೆ ನನ್ನದೂ ನನ್ನ ದೆವ್ವದ್ದೂ ಸೇರಿದರೂ ಸಾಟಿಯಿಲ್ಲ. ಈಗ ನಾವು ಐದು ಜನ. ಡಾಕ್ಟರು ಗಂಟಲು ಸರಿಮಾಡಿಕೊಂಡರು.

"ಅಂಕಲ್, ಎಲ್ಲಾರ್ನೂ ಕರೆದಾಯ್ತಲ್ಲ. ನೀವಿನ್ನು ರೆಸ್ಟ್ ತಗೊಳ್ಳಿ."

"ರೆಸ್ಟಾ? ನನ್ನ ಜಾಗ?"

"ಮುಂದಿನ್ವಾರ ನೋಡೋಣ. ಹಲ್ಲು ಹೇಗಿದೆ?"

ನಾಲ್ವರೂ ಒಳಗೆ ಹೋದರು. ಮುಂದಿನ ವಾರವೂ ಅದೇ ಆಯಿತು, ಅದರ ಮುಂದಿನ ವಾರವೂ ಅದೇ. ರಾಕ್ಷಸ ಮಾತ್ರ ಅವರ ಕೈಲೂ ಬೀಳಲಿಲ್ಲ. ಕರೆಯುವುದಕ್ಕೆ ನಾನು, ಒಳಗೆ ಹೋಗುವುದಕ್ಕೆ ಬಾಮೈದ. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬರುವಷ್ಟು ಸಿಟ್ಟು ಬರುತ್ತಿತ್ತು. ಒಂದು ದಿನ ನನ್ನ ಹೆಂಡತಿ ಹುರಿಗಾಳು ತಂದಿಟ್ಟು ಪರದೆ ನೋಡಿದಳು. ಗವಿಯ ಬಾಗಿಲು, ಪಕ್ಕದಲ್ಲಿ ನಾನು, ನನ್ನ ಪಕ್ಕದಲ್ಲಿ ದೆವ್ವ.

"ಒಳಗೆ ಅಷ್ಟೊಂದು ಸದ್ದಾಗ್ತಿದೆ, ನೀವು ಹೊರಗೆ ಏನ್ಮಾಡ್ತಿದೀರಿ?"

"ಚಪ್ಪಲಿ ಕಾಯ್ತಿದೀನಿ," ಅಂದೆ.

5. ಪಕ್ಕದ ಮನೆಯವರ ಕೋರಿಕೆ

ಆಡುವಾಗ ನನ್ನ ದನಿ ಸ್ವಲ್ಪ ಏರುತ್ತದೆ. "ಬಾರೋ ದೆವ್ವ, ಆ ದಪ್ಪಗಿರೋನ ಕಾಲಿಗೆ ಬೆಂಕಿ ಹಚ್ಚು" ಅಂತ ಕೂಗಿದ್ದು ಕಿಟಕಿಯಿಂದ ಪಕ್ಕದ ಮನೆಯ ಯಜಮಾನಿಯ ಕಿವಿಗೆ ಬಿದ್ದಿದೆ. ಮರುದಿನ ಬೆಳಿಗ್ಗೆ ಅವರು ಕಾಂಪೌಂಡಿನ ಹತ್ತಿರ ಬಂದು ನಿಂತರು. ಜಗಳಕ್ಕೇ ಬಂದರು ಅಂತ ನಾನು ಮೊದಲೇ ಶುರು ಮಾಡಿದೆ.

"ಅದು ಕಂಪ್ಯೂಟರ್ ಆಟ ಕಣ್ರೀ, ನಿಜವಾದ ದೆವ್ವ ಅಲ್ಲ."

"ಗೊತ್ತು ಬಿಡಿ, ದೆವ್ವ ಇಟ್ಕೊಂಡಿರೋರೆಲ್ಲಾ ಹಾಗೇ ಹೇಳೋದು," ಅಂತ ದನಿ ತಗ್ಗಿಸಿದರು. "ಒಂದು ಸಣ್ಣ ಕೆಲಸ ಆಗ್ಬೇಕಿತ್ತು. ನಮ್ಮ ಮೇಲಿನ ಮನೆ ಬಾಡಿಗೆಯೋರು ಎಷ್ಟು ಹೇಳಿದ್ರೂ ಖಾಲಿ ಮಾಡ್ತಿಲ್ಲ. ಜಾಸ್ತಿ ಏನೂ ಬೇಡ. ಒಂದೆರಡು ದಿನ ಮೆಟ್ಟಿಲ ಮೇಲೆ ಓಡಾಡಿಸಿ ಸಾಕು."

ಅದು ಕಂಪ್ಯೂಟರ್ ಬಿಟ್ಟು ಹೊರಗೆ ಬರುವುದಿಲ್ಲ ಅಂತ ಎಷ್ಟು ಬಿಡಿಸಿ ಹೇಳಿದರೂ ನಂಬಲಿಲ್ಲ. ಮುಖ ಊದಿಸಿಕೊಂಡು ಹೋದರು. ಅವತ್ತಿನಿಂದ ಅವರ ಮನೆಯ ಕರಿಬೇವು ನಮಗೆ ಬಂದ್.

6. ಪೂರ್ವಕ್ಕೆ ಮುಖ

ಕೊನೆಗೊಂದು ಭಾನುವಾರ ನಾನು ಹಟ ಹಿಡಿದೆ. ಡಾಕ್ಟರು, ಹುಡುಗಿ, ಓನರ್ ಬಂದಾಯಿತು. ಬಾಮೈದನ ಸರದಿ ಬಂದಾಗ ಕೈಕಟ್ಟಿ ಕೂತೆ.

"ಕರೆಯಲ್ಲ."

"ಅಂಕಲ್!" ಅಂದರು ಓನರ್. "ಮನೇಲಿ ನನ್ನ ಹೆಂಡ್ತೀಗೆ ಏನಂತ ಹೇಳ್ಲಿ?"

"ಏನಾದ್ರೂ ಹೇಳ್ಕೊಳ್ಳಿ. ಇವತ್ತು ಒಳಗೆ ಹೋಗೋನು ನಾನು."

ಡಾಕ್ಟರು ನಿಟ್ಟುಸಿರು ಬಿಟ್ಟು ಒಪ್ಪಿದರು. ಒಳಗೆ ಕಾಲಿಡುವ ಮುಂಚೆ ನಾನೊಂದು ಕೆಲಸ ಮಾಡಿದೆ. ಮಾಂತ್ರಿಕನ ಹತ್ತಿರ ಒಂದು ಜೀವಮಣಿ ಇರುತ್ತದೆ. ಅದನ್ನು ಯಾರಿಗೆ ಕಟ್ಟಿದರೆ ಅವರು ಸತ್ತರೂ ಒಂದು ಸಲ ಎದ್ದು ನಿಲ್ಲಬಹುದು. ಅದನ್ನು ಹುಡುಗಿಗೆ ಕಟ್ಟಬೇಕು ಅಂತ ಕ್ಯಾಪ್ಟನ್ ಕಟ್ಟಪ್ಪಣೆ. ನಾನು ಸದ್ದಿಲ್ಲದೆ ನನಗೇ ಕಟ್ಟಿಕೊಂಡೆ.

ಯುದ್ಧ ಜೋರಾಗಿ ನಡೆಯಿತು. ರಾಕ್ಷಸ ಸೊರಗುತ್ತಾ ಬಂದ. ಅಷ್ಟರಲ್ಲಿ ಓನರ್ ಆತುರಕ್ಕೆ ಬಿದ್ದು ಮುಂದೆ ನುಗ್ಗಿದರು, ಸತ್ತರು. ಅವರನ್ನು ಉಳಿಸಲು ಹೋಗಿ ಹುಡುಗಿ ಸತ್ತಳು. ಡಾಕ್ಟರು ಸತ್ತರು, ನಾನೂ ಸತ್ತೆ. ಮೂವರೂ ಮೈಕಿನಲ್ಲಿ ಅಯ್ಯೋ ಅನ್ನುತ್ತಿರುವಾಗ ನಾನು ಎದ್ದು ನಿಂತೆ. ದೆವ್ವವನ್ನು ಮತ್ತೆ ಕರೆದೆ, ಬಂತು. ರಾಕ್ಷಸನಿಗೆ ಉಳಿದಿರುವುದು ಗುಟುಕು ಜೀವ. ಗವಿಯಲ್ಲಿ ನಾನು, ನನ್ನ ದೆವ್ವ, ಅವನು.

"ಅಂಕಲ್, ನೀವೇ ದಿಕ್ಕು! ಹೊಡೀರಿ!" ಅಂತ ಡಾಕ್ಟರು ಕಿರುಚಿದರು. ದೆವ್ವಕ್ಕೆ ಹೊಡಿ ಅಂದೆ.

ಹಾಲಿನಿಂದ ಹೆಂಡತಿಯ ದನಿ ಬಂತು. "ರೀ, ದೊಡ್ಡಮ್ಮ ಗೃಹಪ್ರವೇಶಕ್ಕೆ ಕರೆಯೋಕ್ಕೆ ಬಂದಿದಾರೆ. ಬನ್ನಿ ಇಲ್ಲಿ."

"ಎರಡು ನಿಮಿಷ!"

ದೊಡ್ಡಮ್ಮ, ಅಂದರೆ ನನ್ನ ಹೆಂಡತಿಯ ದೊಡ್ಡಮ್ಮ, ಜಯನಗರದ ಹಳೇ ಕಾಲದವರು. ಎರಡು ನಿಮಿಷ ಅನ್ನುವುದನ್ನೆಲ್ಲ ಅವರು ಕೇಳಿಸಿಕೊಳ್ಳುವುದಿಲ್ಲ. ಕುಂಕುಮದ ಭರಣಿ, ತೆಂಗಿನಕಾಯಿ ಹಿಡಿದು ನೇರ ನನ್ನ ರೂಮಿಗೇ ಬಂದರು.

"ಗಂಡ ಹೆಂಡತಿ ಜೊತೇಲಿ ನಿಂತು ತಗೋಬೇಕಪ್ಪ. ಏಳು."

ಎದ್ದೆ. ಏಳದೆ ಇರುವ ಗಂಡಸು ನಮ್ಮ ಕಡೆ ಹುಟ್ಟಿಲ್ಲ. ಕುತ್ತಿಗೆ ತಿರುಗಿಸಿ ಪರದೆಯನ್ನೇ ನೋಡುತ್ತಾ ನಿಂತೆ. ದೊಡ್ಡಮ್ಮ ನನ್ನ ಎರಡೂ ಭುಜ ಹಿಡಿದರು.

"ಹಾಗಲ್ಲ, ಪೂರ್ವಕ್ಕೆ ಮುಖ ಮಾಡು."

ಕಂಪ್ಯೂಟರ್ ಇರುವುದು ಪಶ್ಚಿಮದ ಗೋಡೆಗೆ. ಕೈಗೆ ತೆಂಗಿನಕಾಯಿ, ಎಲೆ ಅಡಿಕೆ ಬಂತು. ಹಣೆಗೆ ಕುಂಕುಮ ಬಂತು. ಶನಿವಾರ, ಜೆ.ಪಿ. ನಗರ, ಮಗನ ಹೊಸ ಮನೆ, ಹಿಂದಿನ ದಿನವೇ ಬಂದುಬಿಡಿ ಅಂತ ಅವರು ನಿಧಾನವಾಗಿ ಹೇಳುತ್ತಿದ್ದರು. ನನ್ನ ಬೆನ್ನ ಹಿಂದೆ ಮೂರು ದನಿಗಳು ಒಟ್ಟಿಗೇ ಕೂಗಿದವು, "ಬಿದ್ದ! ಬಿದ್ದ! ಅಂಕಲ್, ಬಿದ್ದ!"

ತಿರುಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ರಾಕ್ಷಸ ಮಲಗಿದ್ದ. ದೆವ್ವ ಅವನ ಹೊಟ್ಟೆಯ ಮೇಲೆ ಕುಣಿಯುತ್ತಿತ್ತು. ಇದನ್ನು ನೋಡಲೆಂದು ವಾರಗಟ್ಟಲೆ ಬಾಗಿಲಲ್ಲಿ ನಿಂತವನು, ಆ ಗಳಿಗೆಯಲ್ಲಿ ನಮ್ಮ ಬೀರುವಿನ ಬಾಗಿಲು ನೋಡುತ್ತಿದ್ದೆ.

"ಯಾರಪ್ಪ ಅದು ಹಾಗೆ ಕಿರುಚ್ತಿರೋದು?" ಅಂದರು ದೊಡ್ಡಮ್ಮ.

"ಸ್ನೇಹಿತರು," ಅಂದೆ.

"ಅವರ ಎದುರಿಗೇ ನಿಮ್ಮನ್ನ ಮಾತ್ರ ಕರೆದು ಹೋದ್ರೆ ಚೆನ್ನಾಗಿರುತ್ತಾ?" ಅಂತ ದೊಡ್ಡಮ್ಮ ಬಗ್ಗಿ, ಮೈಕಿಗೆ ಬಾಯಿಟ್ಟು, ವಿಳಾಸ ಸಮೇತ ಎಲ್ಲರನ್ನೂ ಬಾಯ್ತುಂಬ ಕರೆದರು. ಆ ಕಡೆಯಿಂದ ಓನರ್ ಗದ್ಗದರಾಗಿ, "ಖಂಡಿತ ಬರ್ತೀವಮ್ಮ," ಅಂದರು.

ಶನಿವಾರ ನಾನೂ ಹೆಂಡತಿಯೂ ಹೋಗುವುದು ಸ್ವಲ್ಪ ತಡವಾಯಿತು. ಹಿಂದಿನ ದಿನ ಬರಲಿಲ್ಲ ಅಂತ ದೊಡ್ಡಮ್ಮ ಮೊದಲೇ ಸಿಡಿಮಿಡಿಗೊಂಡಿದ್ದರು. ನನ್ನ ಕೈಗೆ ಹುಳಿಯ ಬಕೆಟ್ಟು, ಸೌಟು ಕೊಟ್ಟು, "ಮೊದಲು ಬಡಿಸು, ಆಮೇಲೆ ಕೂರುವೆಯಂತೆ," ಅಂದರು. ಪಂಕ್ತಿಗೆ ಹೋಗಿ ನೋಡುತ್ತೇನೆ, ಮೊದಲ ಸಾಲಿನಲ್ಲೇ ಡಾಕ್ಟರು, ಹುಡುಗಿ, ಓನರ್, ಬಾಮೈದ. ಹೊರಟೆ ಅಂತ ಒಂದು ಮೆಸೇಜೂ ಇಲ್ಲದೆ, ನಮಗಿಂತ ಎಷ್ಟೋ ಮುಂಚೆ ಬಂದು, ಆಗಲೇ ಹೋಳಿಗೆ ಮುರಿಯುತ್ತಿದ್ದಾರೆ.

ಓನರ್ ಎಲೆಗೆ ಹುಳಿ ಬಡಿಸಿದೆ. ಅವರು ತಲೆಯೆತ್ತಿ, ನನ್ನನ್ನು ನೋಡಿ, ನಿಜವಾಗಿಯೂ ಆಶ್ಚರ್ಯಪಟ್ಟರು.

"ಅರೆ ಅಂಕಲ್! ನಿಮ್ಮನ್ನೂ ಕರೆದಿದ್ರಾ?"