ಸುದ್ದಿ ತಂದವಳ ಕೈಗೆ ಫಲಕ ಕೊಟ್ಟ ಮೇಯರ್ ಸಾಹೇಬರಿಗೆ

ನಮ್ಮ ಊರಿನ ಮೇಯರ್ ಆದ ಶ್ರೀಮಾನ್ ಸ್ಟೆರ್ಯೋಸ್ ಗಲನೋಪುಲೋಸ್ ಅವರ ಸನ್ನಿಧಿಗೆ,

ಮಾನ್ಯರೇ,

ಚೌಕದ ಔಷಧಿ ಅಂಗಡಿಯ ಪಕ್ಕದಲ್ಲಿ ಊರಿನವರ ಕೂದಲು ಕತ್ತರಿಸಿ, ಬಣ್ಣ ಹಚ್ಚಿ ಬದುಕುತ್ತಿರುವ ಸ್ಟಮತೀಯಾ ಎಂಬ ನಾನು ತಮಗೆ ಅತ್ಯಂತ ಗೌರವದಿಂದ ತಲೆಬಾಗಿ ಬರೆಯುವುದೇನೆಂದರೆ, ತಮ್ಮ ಆರೋಗ್ಯವೂ ತಮ್ಮ ಧ್ವನಿಯೂ, ಅದರಲ್ಲೂ ಮುಖ್ಯವಾಗಿ ಧ್ವನಿಯು, ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕಚೇರಿಗೆ ಕಳಿಸಿದ ಕಾಗದಗಳು ಕಪಾಟು ಸೇರಿ ಸುಖವಾಗಿ ನಿದ್ರಿಸುತ್ತವೆಂದು ತಿಳಿದವರು ಹೇಳಿದ್ದರಿಂದ ಇದನ್ನು ನನ್ನ ಅಂಗಡಿಯ ಗಾಜಿಗೆ ಅಂಟಿಸುತ್ತಿದ್ದೇನೆ. ಕಾಫಿಗೆ ಹೋಗುವಾಗ ಹೇಗೂ ತಾವು ಆ ಗಾಜಿನಲ್ಲಿ ಮುಖ ನೋಡಿಕೊಂಡೇ ಮುಂದೆ ಹೋಗುವವರು.

ವಿಷಯ ತಮಗೆ ಗೊತ್ತಿರುವುದೇ. ಕಳೆದ ಶನಿವಾರ ಸಂಜೆ ಗುಡ್ಡದ ಮೇಲಿನ ಕಲ್ಲಿನ ಬಯಲು ರಂಗಮಂದಿರದಲ್ಲಿ ನಮ್ಮ ಶಾಲೆಯ ಮಕ್ಕಳು ಆಡಿದ ಪುರಾತನ ಗ್ರೀಕ್ ನಾಟಕ. ಮೊದಲಿಗೆ ತಮ್ಮ ಶುಭಾಶಯ ಭಾಷಣವನ್ನು ಮನಸಾರೆ ಹೊಗಳಬೇಕು. ನಮ್ಮ ಪೂರ್ವಜರು ನಾಟಕ ಬರೆಯುತ್ತಿದ್ದಾಗ ಉಳಿದ ಜಗತ್ತು ಮರದ ಮೇಲೆ ಕುಳಿತು ಕಾಡುಕಾಯಿ ಕಡಿಯುತ್ತಿತ್ತು ಎಂದು ತಾವು ಹೇಳಿದಿರಿ. ಆ ಪೂರ್ವಜರಿಂದ ಹೊರಟು, ಮಧ್ಯದಲ್ಲಿ ಎಲ್ಲೂ ಇಳಿಯದೆ, ಹೊಸ ವಾಹನ ನಿಲುಗಡೆಯ ಟೆಂಡರಿನವರೆಗೆ ಬಂದ ತಮ್ಮ ವಾಕ್‌ಪ್ರವಾಹಕ್ಕೆ ಹಿಂದಿನ ಸಾಲಿನಲ್ಲಿ ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದವರೂ ಸುಲಿಯುವುದನ್ನು ಮರೆತರು. ಬೀಜ ಮುಗಿದಿತ್ತು ಎನ್ನುವವರ ಮಾತನ್ನು ತಾವು ನಂಬಬಾರದು. ತಮ್ಮ ನಂತರ ಉಪಮೇಯರ್ ಮಾತನಾಡಿದರು, ಬಿಷಪ್ಪರ ಪರವಾಗಿ ಬಂದ ಪಾದ್ರಿಗಳು ಮಾತನಾಡಿದರು, ಬರಲಾಗದವರ ಸಂದೇಶಗಳನ್ನು ಬಂದವರು ಓದಿದರು. ಅಗ್ನಿಶಾಮಕ ದಳದ ಅಧಿಕಾರಿ ಮಾತ್ರ ಎದ್ದು, "ಹುಲ್ಲು ಒಣಗಿದೆ, ಸಿಗರೇಟು ಎಸೀಬೇಡಿ. ಮಕ್ಳಿಗೆ ಒಳ್ಳೇದಾಗ್ಲಿ" ಎಂದು ಕುಳಿತುಬಿಟ್ಟರು. ಮುಂದಿನ ಚುನಾವಣೆಯಲ್ಲಿ ಅವರು ನಿಂತರೆ ತಮಗೆ ಕಷ್ಟವಾಗಬಹುದೆಂದು ಹಿತೈಷಿಯಾಗಿ ಎಚ್ಚರಿಸುತ್ತೇನೆ.

ಆಮೇಲೆ, ಇನ್ನು ತಡೆಯಲು ಯಾವ ಕಾರಣವೂ ಸಿಗದೆ, ನಾಟಕ ಆರಂಭವಾಯಿತು. ಶಾಲೆಯಲ್ಲಿ ಓದಿದ್ದು ತಮಗೆ ಮರೆತಿರಬಹುದಾದ್ದರಿಂದ ಕಥೆಯನ್ನು ನೆನಪಿಸುತ್ತೇನೆ. ಒಬ್ಬ ರಾಜ ಇದ್ದಾನೆ. ಯುದ್ಧದಿಂದ ಯಾರೇ ಹಿಂದಿರುಗಿದರೂ ಮೂರು ದಿನ ಕೋಟೆಯ ಬಾಗಿಲು ತೆರೆಯುವುದಿಲ್ಲವೆಂದು ಸಭೆಯಲ್ಲಿ ಆಣೆ ಮಾಡಿದ್ದಾನೆ. ಗಾಯಗೊಂಡು ಬಂದವನು ಅವನ ಸ್ವಂತ ಮಗ. ಮಗ ಹೊರಗೆ ಬಾಗಿಲು ಬಡಿಯುತ್ತಾನೆ, ರಾಜ ಒಳಗೆ ತನ್ನ ಮಾತಿನ ಮರ್ಯಾದೆಯ ಬಗ್ಗೆ ಭಾಷಣ ಮಾಡುತ್ತಾನೆ. ಕೊನೆಗೆ ಕಾವಲುಗಾರನೊಬ್ಬ ಓಡಿಬಂದು ಮಗ ಸತ್ತ ಸುದ್ದಿ ಹೇಳುತ್ತಾನೆ, ರಾಜ ಅಳುತ್ತಾನೆ. ಅಷ್ಟೇ ನಾಟಕ. ಸಾವು ರಂಗದ ಮೇಲೆ ನಡೆಯುವುದಿಲ್ಲ, ಸುದ್ದಿಯಾಗಿ ಬರುತ್ತದೆ. ಆದ್ದರಿಂದ ಸುದ್ದಿ ಬರದಿದ್ದರೆ ಯಾರೂ ಸತ್ತಂತಾಗುವುದಿಲ್ಲ ಎಂಬುದನ್ನು ದಯವಿಟ್ಟು ಗಮನದಲ್ಲಿಡಿ.

ರಾಜ ಒಬ್ಬ ಎಂದೆ, ಕ್ಷಮಿಸಿ, ನಾಲ್ವರು. ಒಂದೇ ಮಗುವಿಗೆ ರಾಜನ ಪಾತ್ರ ಕೊಟ್ಟು ಈ ಊರಿನಲ್ಲಿ ನೆಮ್ಮದಿಯಾಗಿ ಬದುಕಿದ ಶಿಕ್ಷಕರು ಯಾರೂ ಇಲ್ಲವಾದ್ದರಿಂದ, ಅರ್ಗಿರೋ ಟೀಚರ್ ರಾಜನನ್ನು ಎಂದಿನಂತೆ ಹಂಚಿದರು. ಮೊದಲ ರಾಜ ಔಷಧಿ ಅಂಗಡಿಯವರ ಮಗ, ಎರಡನೆಯವನು ಪೋಷಕರ ಸಂಘದ ಅಧ್ಯಕ್ಷೆಯ ಮಗಳು, ಗಡ್ಡದೊಂದಿಗೆ, ಮೂರನೆಯವನು ಪೊಲೀಸ್ ಠಾಣಾಧಿಕಾರಿಯ ಸೋದರಳಿಯ. ಕಿರೀಟ ಒಂದೇ, ತಲೆಗಳ ಅಳತೆ ಬೇರೆ ಬೇರೆ, ಹೀಗಾಗಿ ರಾಜ್ಯಾಡಳಿತ ಕೆಲವೊಮ್ಮೆ ಕಣ್ಣಿನ ಮೇಲೆ ಇಳಿಯುತ್ತಿತ್ತು. ಇವರೆಲ್ಲ ಮೊದಲು ಬರಲು ಜಗಳವಾಡಿದಾಗ, ನಾಲ್ಕನೆಯವನು ಮಾತ್ರ ತಾನಾಗಿ ಕೊನೆಯ ರಾಜನ ಭಾಗವನ್ನು ಕೇಳಿ ಪಡೆದುಕೊಂಡ. ಸಿಂಹಾಸನವಿಲ್ಲ, ಅಪ್ಪಣೆಗಳಿಲ್ಲ, ಸುದ್ದಿ ಕೇಳಿ ಅಳುವುದಷ್ಟೇ ಅವನ ಕೆಲಸ. ಅವನು ತಮ್ಮ ಮಗ ಅನೆಸ್ತಿಸ್.

ಸುದ್ದಿ ತರುವ ಕಾವಲುಗಾರನ ಪಾತ್ರವನ್ನು ಯಾರೂ ಕೇಳಲಿಲ್ಲ. ಕಿರೀಟವಿಲ್ಲ, ಬರುವುದು ಕೊನೆಗೆ, ಹೇಳಬೇಕಾದ ಮಾತು ಮಾತ್ರ ಮಾರುದ್ದ. ಅದು ನನ್ನ ಮಗಳು ಪೊಲಿಕ್ಸೇನಿಗೆ ಬಂತು, ಏಕೆಂದರೆ ನಾನು ಯಾವ ಸಂಘದ ಅಧ್ಯಕ್ಷೆಯೂ ಅಲ್ಲ. ಈಸ್ಟರ್ ಕಳೆದಾಗಿನಿಂದ ಅವಳು ನನ್ನ ಅಂಗಡಿಯಲ್ಲೇ ಅದನ್ನು ಕಲಿತಳು. ತಲೆಗೆ ಬಣ್ಣ ಮೆತ್ತಿಕೊಂಡು ಕೂತ ಹೆಂಗಸರು ಅದನ್ನು ಕೇಳಿ ಅತ್ತು, ಬಣ್ಣ ಹಣೆಗೆ ಇಳಿದು, ನಾನು ಒರೆಸಿ ಸಾಕಾದೆ. ಅವರ ಪೈಕಿ ತಮ್ಮ ಶ್ರೀಮತಿಯವರೂ ಒಬ್ಬರು. ಮಗಳು ಅಂತ ಹೇಳುತ್ತಿಲ್ಲ, ಆ ಹುಡುಗಿ ಚೆನ್ನಾಗಿ ಹೇಳುತ್ತಿದ್ದಳು. ತಪ್ಪು, ಮಗಳು ಅಂತಲೇ ಹೇಳುತ್ತಿದ್ದೇನೆ, ಆದರೂ ಚೆನ್ನಾಗಿಯೇ ಹೇಳುತ್ತಿದ್ದಳು.

ಈಗ ತಮ್ಮ ಸಾಧನೆಗೆ ಬರುತ್ತೇನೆ. ಮೂರು ರಾಜರ ಆಳ್ವಿಕೆ ಮುಗಿದು, ಅನೆಸ್ತಿಸ್ ಕಿರೀಟ ತೊಟ್ಟು ರಂಗದ ನಡುವೆ ಬಂದು ನಿಂತ. ನನ್ನ ಮಂಚದ ಹೊದಿಕೆಯನ್ನು ಉಟ್ಟಿದ್ದ ಪೊಲಿಕ್ಸೇನಿ ಏದುಸಿರು ಬಿಡುತ್ತ ಪಕ್ಕದ ಓಣಿಯಿಂದ ಓಡಿಬಂದಳು. ಆ ಓಣಿಯೇ ಹೊರಗೆ ಹೋಗುವ ದಾರಿಯೂ ಹೌದು. ಇಡೀ ಊರು ಉಸಿರು ಬಿಗಿಹಿಡಿದ ಆ ಘಳಿಗೆಯಲ್ಲಿ, ತಮ್ಮ ಫೋನು ಹಾಡಿತು. ತಾವು ಎದ್ದಿರಿ. ತಾವು ಎದ್ದದ್ದರಿಂದ ಉಪಮೇಯರ್ ಎದ್ದರು, ಉಪಮೇಯರ್ ಎದ್ದದ್ದರಿಂದ ಪಾದ್ರಿಗಳು ಎದ್ದರು, ಮೊದಲ ಸಾಲು ಸಾಲಾಗಿಯೇ ಎದ್ದಿತು. ತಮಗೆ ಬೇರೊಂದು ಅತಿ ಮುಖ್ಯ ಕಾರ್ಯಕ್ರಮವಿತ್ತು. ಆದರೆ ನೆನಪಿನ ಫಲಕ ಕೊಡದೆ ಹೊರಟರೆ ಮಕ್ಕಳಿಗೆ ಬೇಸರವಾದೀತೆಂದು, ತಮ್ಮ ದೊಡ್ಡ ಮನಸ್ಸಿನಿಂದ, ಸಹಾಯಕನ ಕೈಯಿಂದ ಫಲಕ ಕಸಿದುಕೊಂಡು ನೇರ ರಂಗಕ್ಕೇ ಇಳಿದಿರಿ. ಓಡಿಬರುತ್ತಿದ್ದವಳನ್ನು ತಡೆದು, ಕೆನ್ನೆ ಹಿಂಡಿ, "ಯಾರ ಮನೆ ಹುಡುಗಿಯಮ್ಮಾ ನೀನು?" ಎಂದು ಕೇಳಿದಿರಿ.

ಈ ಊರಿನಲ್ಲಿ ಆ ಪ್ರಶ್ನೆ ಕೇಳದೆ ಯಾರಿಗೂ ಒಂದು ಲೋಟ ನೀರು ಸಹ ಸಿಗುವುದಿಲ್ಲ, ಒಪ್ಪುತ್ತೇನೆ. ನನ್ನ ಮಗಳೂ ಹುಟ್ಟಿದಾಗಿನಿಂದ ಅದಕ್ಕೆ ಉತ್ತರ ಹೇಳಿಕೊಂಡೇ ಬೆಳೆದವಳು. ಆದರೆ ಏನೇ ಆದರೂ ಪಾತ್ರ ಬಿಟ್ಟು ಹೊರಗೆ ಬರಬಾರದು ಎಂದು ಟೀಚರ್ ಕಲಿಸಿದ್ದರು. ಆದ್ದರಿಂದ ಅವಳು, "ಕೋಟೆ ಬಾಗಿಲಿಂದ ಬಂದೆ ಪ್ರಭು, ಸುದ್ದಿ ಒಳ್ಳೇದಲ್ಲ" ಎಂದಳು. ತಾವು ನಕ್ಕು, "ಅಯ್ಯೋ, ಎಲ್ಲಾ ಒಳ್ಳೇದೇ ಆಗುತ್ತೆ ಬಿಡು ಪುಟ್ಟೀ!" ಎಂದು ಫಲಕವನ್ನು ಅವಳ ಕೈಗಿಟ್ಟು, ಛಾಯಾಗ್ರಾಹಕನ ಕಡೆ ತಿರುಗಿಸಿ, ಫೋನನ್ನು ಕಿವಿಗೆ ಒತ್ತಿಕೊಂಡು ಹೊರಟೇಹೋದಿರಿ.

ಫಲಕ ಕೊಟ್ಟರೆ ಕಾರ್ಯಕ್ರಮ ಮುಗಿಯಿತು ಎಂಬುದು ನಮ್ಮ ಜನಕ್ಕೆ ರಕ್ತದಲ್ಲೇ ಬಂದಿದೆ. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. "ಬ್ರಾವೋ!" ಎಂದರು. ತಾಯಂದಿರು ಫೋಟೋ ತೆಗೆಯಲು ರಂಗಕ್ಕೆ ನುಗ್ಗಿದರು, ಮೊದಲ ರಾಜನ ಅಜ್ಜ ಮೂರನೆಯ ರಾಜನ ಕಿವಿ ಹಿಂಡಿದರು, ಅರ್ಗಿರೋ ಟೀಚರ್ "ಕೂತ್ಕೊಳ್ಳಿ, ದಯವಿಟ್ಟು ಕೂತ್ಕೊಳ್ಳಿ, ಇನ್ನೂ ಇದೆ!" ಎಂದು ಕೂಗಿ ಕೂಗಿ ಗಂಟಲು ಕಟ್ಟಿ ಸುಮ್ಮನಾದರು. ಹೀಗೆ, ಸಾವಿರಾರು ವರ್ಷಗಳಿಂದ ತಪ್ಪದೆ ಸಾಯುತ್ತ ಬಂದಿದ್ದ ಆ ರಾಜಕುಮಾರ ಮೊದಲ ಬಾರಿಗೆ ಬದುಕುಳಿದ. ದೇವತೆಗಳ ಕೈಯಲ್ಲಿ ಆಗದಿದ್ದ ಕೆಲಸವನ್ನು ತಾವು ಒಂದು ಫಲಕದಿಂದ ಸಾಧಿಸಿದಿರಿ.

ಆದ್ದರಿಂದ ನನ್ನ ನಮ್ರ ಕೋರಿಕೆಗಳನ್ನು ಆಲಿಸಬೇಕು. ಚಳಿಗಾಲದಿಂದ ವೈದ್ಯರಿಲ್ಲದ ನಮ್ಮ ಆರೋಗ್ಯ ಕೇಂದ್ರದ ಬಾಗಿಲಲ್ಲಿ ತಾವು ಫಲಕ ಹಿಡಿದು ನಿಲ್ಲಬೇಕು. ಕೆಟ್ಟ ಸುದ್ದಿ ಹೊತ್ತ ದಾದಿ ಹೊರಗೆ ಬಂದ ಕೂಡಲೇ ಅವಳ ಕೆನ್ನೆ ಹಿಂಡಿ ಯಾರ ಮನೆಯವಳೆಂದು ಕೇಳಬೇಕು, ಇಲ್ಲಿ ಯಾರೂ ಸಾಯಬಾರದು. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದಾಗ ಬೆಂಕಿಗೂ ಒಂದು ಫಲಕ ಕೊಡಬೇಕು, ಕಾರ್ಯಕ್ರಮ ಮುಗಿಯಿತೆಂದು ಅದೂ ಹೊರಟುಹೋದೀತು. ನನ್ನ ಅಂಗಡಿಯ ಮುಂದಿನ ಗುಂಡಿಗೆ ಬೇಡ, ಅದು ಈಗಾಗಲೇ ತಮ್ಮ ಎರಡು ಅವಧಿಗಳ ನೆನಪಿನ ಕಾಣಿಕೆಯೇ ಆಗಿದೆ.

ತಮ್ಮ ಅತಿ ಮುಖ್ಯ ಕಾರ್ಯಕ್ರಮ ಯಾವುದೆಂಬುದು ನಾವು ಗುಡ್ಡ ಇಳಿದು ಚೌಕಕ್ಕೆ ಬಂದಾಗ ತಿಳಿಯಿತು. ಊಟದಂಗಡಿಯ ಹೊರಗಿನ ಉದ್ದ ಮೇಜಿನ ಸುತ್ತ ಪಕ್ಷದ ಹಿರಿಯರು, ಹುರಿದ ಸ್ಕ್ವಿಡ್ ಮೀನು, ಮತ್ತು ಆಗಲೇ ಬಂದು ಸೇರಿದ್ದ ತಮ್ಮ ಕುಟುಂಬ. ನಾವು ಪಕ್ಕದ ಮೇಜಿಗೆ ಕುಳಿತೆವು. ನನ್ನ ಅತ್ತೆ ಗರಿಫಲ್ಯಾ ದಾರಿಯುದ್ದಕ್ಕೂ ಚಡಪಡಿಸುತ್ತಿದ್ದವರು ಬ್ರೆಡ್ಡನ್ನೂ ಮುಟ್ಟದೆ, "ಲೇ, ಆ ಹುಡುಗ ಏನಾದ? ಬಾಗಿಲು ತೆಗೆದ್ರೋ ಇಲ್ವೋ? ನಂಗೆ ಹೇಳ್ದೆ ಇದ್ರೆ ಇವತ್ತು ಊಟ ಇಳಿಯಲ್ಲ" ಎಂದು ಮೊಮ್ಮಗಳನ್ನು ಕೇಳಿದರು.

ಪೊಲಿಕ್ಸೇನಿ ಎದ್ದಳು. ಇನ್ನೂ ಮಂಚದ ಹೊದಿಕೆಯಲ್ಲೇ ಇದ್ದಳು. ಅಜ್ಜಿಗೆ ಹೇಳುತ್ತಾಳೆಂದುಕೊಂಡೆ, ಆದರೆ ಅವಳು ನೇರ ತಮ್ಮ ಮೇಜಿನ ಬಳಿ ಹೋಗಿ, ಸ್ಕ್ವಿಡ್ ತಿನ್ನುತ್ತಿದ್ದ ರಾಜನ ಮುಂದೆ ನಿಂತಳು. ಅನೆಸ್ತಿಸ್ ಅವಳನ್ನು ನೋಡಿದ, ಮುಳ್ಳುಚಮಚ ಕೆಳಗಿಟ್ಟ, ಬಾಯಿ ಒರೆಸಿಕೊಂಡು ಎದ್ದು ನಿಂತ. ಅವಳು ಶುರು ಮಾಡಿದಳು. ಮೊದಲ ಮಾತುಗಳಿಗೆ ಜನ ನಕ್ಕರು. "ಥೂ ಥೂ, ಊಟದ ಹೊತ್ನಲ್ಲಿ ಸಾವಿನ ಮಾತು!" ಎಂದು ಪಾದ್ರಿಗಳ ಹೆಂಡತಿ ಕೆಡುಕು ತಟ್ಟದಿರಲೆಂದು ಮೂರು ಸಲ ಉಗುಳಿದರು. ಆಮೇಲೆ ಮಗ ಬಾಗಿಲು ಬಡಿದದ್ದು, ಒಳಗಿನ ಭಾಷಣ ಕೇಳುತ್ತ ಕೇಳುತ್ತ ಅವನ ಕೈ ನಿಧಾನವಾದದ್ದು, ಕೊನೆಗೆ ಬಾಗಿಲಿಗೆ ಒರಗಿ ಕುಳಿತದ್ದು ಅವಳ ಬಾಯಿಂದ ಬರುತ್ತಿದ್ದಂತೆ ಯಾರೂ ಗ್ಲಾಸು ಎತ್ತಲಿಲ್ಲ. ಅಡುಗೆಯವನು ಸೌಟು ಹಿಡಿದೇ ಹೊರಗೆ ಬಂದು ನಿಂತ.

ಆಗ ನಾಲ್ಕನೆಯ ರಾಜ ತನ್ನ ಸರದಿಯನ್ನು ತೆಗೆದುಕೊಂಡ. ಮಾನ್ಯರೇ, ತಮ್ಮ ಮಗನನ್ನು ನಾನು ತೊಟ್ಟಿಲಲ್ಲಿದ್ದಾಗಿನಿಂದ ಬಲ್ಲೆ, ಅವನ ಮೊದಲ ಕೂದಲು ಕತ್ತರಿಸಿದವಳೇ ನಾನು. ನಾಲ್ಕು ಮಾತು ಕೇಳಿದರೆ ಅರ್ಧ ಮಾತು ಆಡುವ ಹುಡುಗ. ಅವನು ಮೇಜುಗಳ ನಡುವೆ ನಿಂತು, ಬಾಗಿಲು ತೆರೆಯದ ಅಪ್ಪನ ಅಳುವನ್ನು ಅತ್ತ. ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಒಂದಕ್ಷರ ತಪ್ಪದೆ ಹೇಳಿದ. ನನ್ನ ಅತ್ತೆ ಅತ್ತರು, ತಮ್ಮ ಶ್ರೀಮತಿಯವರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು, ನಾನೂ ಅತ್ತೆ, ಹೇಳಲು ನಾಚಿಕೆಯಿಲ್ಲ. ಹೇಳಿ ಮುಗಿಸಿ ಅವನು ತಲೆಯೆತ್ತಿ ಮೊದಲು ಹುಡುಕಿದ್ದು ತಮ್ಮ ಕುರ್ಚಿಯನ್ನು.

ಕುರ್ಚಿ ಖಾಲಿಯಿತ್ತು. ತಾವು ಚೌಕದ ಆ ತುದಿಯಲ್ಲಿ, ನಮಗೆ ಬೆನ್ನು ಮಾಡಿ, ಸಂಜೆಯ ನಾಟಕ ಎಷ್ಟು ಯಶಸ್ವಿಯಾಯಿತೆಂದು ಯಾರಿಗೋ ಫೋನಿನಲ್ಲಿ ವಿವರಿಸುತ್ತಿದ್ದಿರಿ. ಜನ ಎದ್ದು ಚಪ್ಪಾಳೆ ತಟ್ಟಿದರು, ಚೌಕವೆಲ್ಲ ಮೊಳಗುವ ಹಾಗೆ ತಟ್ಟಿದರು. ಅದನ್ನು ಕೇಳಿ ತಾವು, ಹಿಂದೆ ತಿರುಗದೆಯೇ, ಕೈಯೆತ್ತಿ ನಮಗೆಲ್ಲ ವಂದಿಸಿದಿರಿ. ಅನೆಸ್ತಿಸ್ ಅದನ್ನು ನೋಡಿದ.

ಇಂತಿ, ತಮ್ಮ ವಿಶ್ವಾಸಿ, ತಮ್ಮ ತಲೆಯ ಹಿಂಭಾಗವನ್ನು ತಮಗಿಂತ ಚೆನ್ನಾಗಿ ಬಲ್ಲ,
ಸ್ಟಮತೀಯಾ

ಮರೆತ ಮಾತು: ಸೋಮವಾರ ಅನೆಸ್ತಿಸ್ ಕೂದಲು ಕತ್ತರಿಸಿಕೊಳ್ಳಲು ಬಂದಿದ್ದ. ಕನ್ನಡಿಯಲ್ಲಿ ನನ್ನ ಮುಖ ನೋಡದೆ, "ಆಂಟೀ, ನೀವು ಕೇಳಿಸ್ಕೊಂಡ್ರಲ್ಲಾ, ಹೆಂಗಿತ್ತು?" ಎಂದ. ನಾನು ಹೇಳಿದೆ. ಈ ಪ್ರಶ್ನೆಗೆ ತಮ್ಮ ಉತ್ತರವೂ ಅವನಿಗೆ ಬೇಕಿರುವಂತಿದೆ. ಅವನು ತಮ್ಮ ಮನೆಯಲ್ಲೇ, ಮೆಟ್ಟಿಲು ಹತ್ತಿದ ಕೂಡಲೇ ಸಿಗುವ ಬಲಗಡೆ ಕೋಣೆಯಲ್ಲಿ ವಾಸವಾಗಿದ್ದಾನೆ. ಭೇಟಿಗೆ ಮುಂಚಿತವಾಗಿ ಸಮಯ ಕೇಳಬೇಕಾಗಿಲ್ಲ, ಬಾಗಿಲು ಬಡಿದರೆ ಸಾಕು. ತೆರೆಯುತ್ತಾನೋ ಇಲ್ಲವೋ, ಅದು ಅವನಿಗೆ ಬಿಟ್ಟದ್ದು.